ಉಳಿದುಬಂದ ಯುದ್ಧವಿಮಾನವೊಂದರ ಪೂರ್ವಚರಿತ್ರೆಯನ್ನು ಪತ್ತೆಹಚ್ಚುವ ಬಗೆ

ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ಅಥವಾ ಹರಿಕೇನ್ ವಿಮಾನವನ್ನು ಎಲ್ಲಿಯೋ ಕಂಡು, ಅದು ಯಾವ ಯುದ್ಧದಲ್ಲಿ ಹಾರಿತ್ತೆಂದು ತಿಳಿಯಬಯಸುವವರು ಮೊದಲು ಅದರ ಬಣ್ಣವನ್ನು ನಂಬದಿರುವುದು ಒಳ್ಳೆಯದು. ಒಡಲಿನ ಮೇಲೆ ದೊಡ್ಡದಾಗಿ ಬರೆದಿರುವ ಅಕ್ಷರಗಳು ಸ್ಕ್ವಾಡ್ರನ್ನಿಗೆ, ಅಂದರೆ ಹಲವು ವಿಮಾನಗಳ ವಾಯುಪಡೆ ತುಕಡಿಗೆ, ಸೇರಿದವು. ಒಂದು ವಿಮಾನ ನಾಶವಾದರೆ ಅವೇ ಅಕ್ಷರಗಳು ಅದರ ಬದಲಿಗೆ ಬಂದ ವಿಮಾನದ ಪಾಲಾಗುತ್ತಿದ್ದವು. ಇಂದು ಹಾರುತ್ತಿರುವ ಹಲವು ವಿಮಾನಗಳಿಗಂತೂ ಹೆಸರಾಂತ ಪೈಲಟ್ ಒಬ್ಬರ ವಿಮಾನದ ವೇಷವನ್ನು ತೊಡಿಸಿರುತ್ತಾರೆ. ಹುಡುಕಬೇಕಾದದ್ದು ಬ್ರಿಟಿಷ್ ವಾಯುಪಡೆ ಪ್ರತಿ ವಿಮಾನಕ್ಕೂ ಪ್ರತ್ಯೇಕವಾಗಿ ಕೊಟ್ಟ ಕ್ರಮಸಂಖ್ಯೆಯನ್ನು. ಬಾಲದ ಬಳಿಯ ಸಂಖ್ಯೆಯೂ ವೇಷದ ಭಾಗವಾಗಿರಬಹುದಾದ್ದರಿಂದ, ಅದನ್ನು ವಿಮಾನದೊಳಗಿನ ತಯಾರಿಕಾ ಫಲಕದೊಂದಿಗೆ ತಾಳೆ ನೋಡಬೇಕು.

ಸಂಖ್ಯೆ ಖಚಿತವಾದ ಮೇಲೆ ಕಾಗದಪತ್ರಗಳ ಕೆಲಸ. ಪ್ರತಿ ವಿಮಾನಕ್ಕೂ ‘ಫಾರ್ಮ್ 78’ ಎಂಬ ಚಲನವಲನದ ಕಾರ್ಡ್ ಇತ್ತು. ವಿಮಾನ ಯಾವ ಘಟಕಕ್ಕೆ ಹೋಯಿತು, ಯಾವಾಗ ದುರಸ್ತಿಗೆ ಬಂತು, ಯಾವಾಗ ಲೆಕ್ಕದಿಂದ ತೆಗೆಯಲಾಯಿತು ಎಂಬುದು ಅದರಲ್ಲಿ ಸಂಕ್ಷೇಪಾಕ್ಷರಗಳಲ್ಲಿ ಸಿಗುತ್ತದೆ. ಆದರೆ ಕಾರ್ಡಿನ ದಿನಾಂಕ ಗುಮಾಸ್ತರು ನಮೂದಿಸಿದ ದಿನಾಂಕವೇ ಹೊರತು ವಿಮಾನ ನಿಜವಾಗಿ ಹೊರಟ ದಿನವಲ್ಲದಿರಬಹುದು. ಆದ್ದರಿಂದ ಲಂಡನ್ನಿನ ಕ್ಯೂ ಪ್ರದೇಶದಲ್ಲಿರುವ ರಾಷ್ಟ್ರೀಯ ಪತ್ರಾಗಾರದ ‘ಏರ್ 27’ ಶ್ರೇಣಿಯಲ್ಲಿ ಆಯಾ ಸ್ಕ್ವಾಡ್ರನ್ನಿನ ಕಾರ್ಯಾಚರಣೆ ದಾಖಲೆಯನ್ನು ತೆರೆದು, ಅದರ ‘ಫಾರ್ಮ್ 541’ ಹಾಳೆಗಳಲ್ಲಿ ಪೈಲಟ್‌ನ ಹೆಸರು, ವಿಮಾನದ ಸಂಖ್ಯೆ, ಏರಿದ ಮತ್ತು ಇಳಿದ ವೇಳೆ ಇವನ್ನು ಹುಡುಕಬೇಕು. ಈ ಹಾಳೆಗಳಲ್ಲಿಯೂ ಸಂಖ್ಯೆಗಳು ತಪ್ಪಾಗಿ ಬೆರಳಚ್ಚಾಗಿರುವುದುಂಟು. ಪೈಲಟ್ ತನ್ನ ಹಾರಾಟಗಳನ್ನು ಬರೆದಿಡುತ್ತಿದ್ದ ಲಾಗ್‌ಬುಕ್ ಸಿಕ್ಕರೆ ಸಂದೇಹ ಬಹುಮಟ್ಟಿಗೆ ಪರಿಹಾರವಾಗುತ್ತದೆ.

ಈ ಕ್ರಮದ ಫಲವನ್ನು ಆರ್ 4118 ಸಂಖ್ಯೆಯ ಹರಿಕೇನಿನಲ್ಲಿ ಕಾಣಬಹುದು. 1982ರಲ್ಲಿ ಪೀಟರ್ ವೇಚರ್ ಎಂಬ ಆಂಗ್ಲರು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣದಲ್ಲಿ ಬಯಲಲ್ಲಿ ಜೀರ್ಣವಾಗುತ್ತಿದ್ದ ಈ ವಿಮಾನವನ್ನು ಕಂಡರು. ದಾಖಲೆಗಳನ್ನು ಶೋಧಿಸಿದಾಗ, ಜರ್ಮನ್ ವಾಯುಪಡೆಯ ವಿರುದ್ಧ ನಡೆದ 1940ರ ‘ಬ್ರಿಟನ್ ಕದನ’ದಲ್ಲಿ 605ನೇ ಸ್ಕ್ವಾಡ್ರನ್ನಿನೊಂದಿಗೆ ಅದು 49 ಬಾರಿ ಕಾರ್ಯಾಚರಣೆಗೆ ಏರಿತ್ತೆಂದೂ, 1943ರ ಕೊನೆಯಲ್ಲಿ ಭಾರತಕ್ಕೆ ರವಾನೆಯಾಗಿ, ಸ್ವಾತಂತ್ರ್ಯದ ಹೊತ್ತಿಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪಾಠಕ್ಕೆಂದು ವಿಶ್ವವಿದ್ಯಾಲಯವನ್ನು ಸೇರಿತ್ತೆಂದೂ ತಿಳಿಯಿತು. ವರ್ಷಗಟ್ಟಲೆ ಪತ್ರವ್ಯವಹಾರ ನಡೆಸಿ 2001ರಲ್ಲಿ ಅದನ್ನು ಕೊಂಡೊಯ್ದರು. 2004ರ ಡಿಸೆಂಬರಿನಲ್ಲಿ ಅದು ಮತ್ತೆ ಹಾರಿತು. ಗುಜರಿಗೆ ಹೋಗದೆ ಅದು ಉಳಿದದ್ದು ಪಾಠದ ವಸ್ತುವಾಗಿದ್ದುದರಿಂದ ಎಂಬುದು ನನ್ನ ಎಣಿಕೆ.

ಭಾರತಕ್ಕೆ ಬಂದ ವಿಮಾನಗಳ ವಿಷಯದಲ್ಲಿ ವಿಶೇಷ ತಾಳ್ಮೆ ಅಗತ್ಯ. ಸಮುದ್ರ ದಾಟಿದ ಮೇಲೆ ಬ್ರಿಟಿಷ್ ಕಾರ್ಡಿನ ನಮೂದುಗಳು ತೀರ ವಿರಳವಾಗುತ್ತವೆ, ಮತ್ತು ಸ್ವಾತಂತ್ರ್ಯಾನಂತರ ನಮ್ಮ ವಾಯುಪಡೆ ಹೊಸ ಸಂಖ್ಯೆಗಳನ್ನು ಕೊಟ್ಟಿತು. ತರಬೇತಿ ಶಾಲೆ ಸೇರಿದ ವಿಮಾನಕ್ಕೆ ಮತ್ತೊಂದು ಸಂಖ್ಯೆ ಬಂದಿರಲೂಬಹುದು. ಬೆಂಗಳೂರಿನ ಜಾಲಹಳ್ಳಿಯ ವಾಯುಪಡೆ ತಾಂತ್ರಿಕ ಕಾಲೇಜಿನಲ್ಲಿದ್ದ ಎಂವಿ 293 ಸ್ಪಿಟ್‌ಫೈರ್ ಇಂಥದೇ; 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿಗೆ ಮರಳಿದ ಅದು ದುರಸ್ತಿಯಾಗಿ ಮತ್ತೆ ಹಾರಿತು. ಇಂಥ ಕಡೆ ಹಳೆಯ ಮತ್ತು ಹೊಸ ಸಂಖ್ಯೆಗಳನ್ನು ಜೋಡಿಸುವ ಪುರಾವೆ ಕೈಗೆ ಬರುವವರೆಗೆ ಎರಡನ್ನೂ ಒಂದೇ ವಿಮಾನವೆಂದು ಬರೆಯಬಾರದು.

ಕೊನೆಯದಾಗಿ, ಮೂಲ ಲೋಹ ಎಷ್ಟು ಉಳಿದಿದೆಯೆಂದು ವಿಚಾರಿಸಬೇಕು. ಪಿ 9374 ಸ್ಪಿಟ್‌ಫೈರ್ 1940ರ ಮೇ ತಿಂಗಳಲ್ಲಿ ಫ್ರಾನ್ಸಿನ ಕ್ಯಾಲೇ ಸಮುದ್ರತೀರದಲ್ಲಿ ಇಳಿದು ಮರಳಿನಲ್ಲಿ ಹೂತುಹೋಗಿ, 1980ರಲ್ಲಿ ಮತ್ತೆ ಕಾಣಿಸಿಕೊಂಡಿತು. 2011ರಲ್ಲಿ ಹಾರಿದ ಅದು 2015ರ ಹರಾಜಿನಲ್ಲಿ ಸುಮಾರು 31 ಲಕ್ಷ ಪೌಂಡಿಗೆ ಮಾರಾಟವಾಯಿತಾದರೂ, ನಾಲ್ಕು ದಶಕ ಉಪ್ಪುನೀರಿನಲ್ಲಿದ್ದ ಒಡಲಿನ ಬಹುಭಾಗವನ್ನು ಹೊಸದಾಗಿ ಮಾಡಲೇಬೇಕಾಯಿತು. ಹೀಗಿರುವಲ್ಲಿ ಸಂಖ್ಯೆಯ ಚರಿತ್ರೆಯನ್ನೂ ಲೋಹದ ಚರಿತ್ರೆಯನ್ನೂ ಬೇರೆ ಬೇರೆ ಪುಟಗಳಲ್ಲಿ ಬರೆದುಕೊಂಡು, ದುರಸ್ತಿ ಮಾಡಿದವರಿಂದ ಮೂಲ ಭಾಗಗಳ ಪಟ್ಟಿಯನ್ನು ಕೇಳಿ ಪಡೆಯುವುದು ಸರಿಯಾದ ಕ್ರಮ.