ಮನೆಯಲ್ಲಿ ಪೈಲಟ್ ಇದ್ದರೆ, ಟರ್ಮ್ ಪಾಲಿಸಿ ಮಾಡಿಸುವ ಮೊದಲು

ನನ್ನ ತಮ್ಮ ಪೈಲಟ್. ಕಳೆದ ಸಲ ಬಜ್ಪೆಯ ಮನೆಗೆ ಬಂದಾಗ ಊಟದ ಮೇಜಿನ ಮೇಲೆ ಲಾಗ್‌ಬುಕ್, ಮೆಡಿಕಲ್ ಪೇಪರ್ ಎಲ್ಲ ಹರಡಿಕೊಂಡು ಇಬ್ಬರೂ ಕೂತು ಟರ್ಮ್ ಪಾಲಿಸಿಗೆ, ಅಂದರೆ ಅವಧಿಯೊಳಗೆ ತೀರಿಕೊಂಡರೆ ಮನೆಯವರಿಗೆ ದುಡ್ಡು ಕೊಡುವ ಜೀವ ವಿಮೆಗೆ, ಒಂದೊಂದೇ ಕಂಪನಿಯ ರೇಟು ನೋಡಿದೆವು. ಒಂದು ಕಡೆ ಪೈಲಟ್ ಅಂದ ಕೂಡಲೇ ಪ್ರೀಮಿಯಂ ಏರಿಸಿದರು. ಅಷ್ಟಕ್ಕೇ ಕೈಬಿಡಬೇಡಿ, ಒಂದೊಂದು ಕಂಪನಿಯ ಲೆಕ್ಕ ಒಂದೊಂದು. ದೊಡ್ಡ ಏರ್‌ಲೈನ್‌ನಲ್ಲಿ ಹಾರಿಸುವವರು, ಹೆಲಿಕಾಪ್ಟರ್‌ನವರು, ಇನ್ನೂ ಕಲಿಯುತ್ತಿರುವ ಹುಡುಗರು ಎಲ್ಲರಿಗೂ ಒಂದೇ ರೇಟು ಇರುವುದಿಲ್ಲ. ಹಾಗಾಗಿ ಯಾವ ವಿಮಾನ, ವರ್ಷಕ್ಕೆ ಎಷ್ಟು ಗಂಟೆ ಅಂತ ಫಾರ್ಮಿನಲ್ಲಿ ಬಿಡಿಸಿ ಬರೆಯಿರಿ.

ದುಡ್ಡು ಉಳಿಯುತ್ತೆ ಅಂತ ಕೆಲಸ ಮಾತ್ರ ಮುಚ್ಚಿಡಬೇಡಿ. ಏನಾದರೂ ಆದಾಗ ಕ್ಲೇಮಿಗೆ ಅಲೆಯಬೇಕಾದವರು ಹೆಂಡತಿ ಮಕ್ಕಳು, ಅಲ್ವಾ?

ಆಕ್ಸಿಡೆಂಟ್ ರೈಡರ್, ಅಂದರೆ ಪಾಲಿಸಿಯ ಜೊತೆ ಹೆಚ್ಚುವರಿಯಾಗಿ ಸೇರಿಸುವ ಅಪಘಾತ ವಿಮೆ, ಸುಮ್ನೆ ಸೇರಿಸಿಕೊಳ್ಳಬೇಡಿ. ಎಷ್ಟೋ ರೈಡರ್‌ಗಳಲ್ಲಿ ಟಿಕೆಟ್ ತೆಗೆದ ಪ್ರಯಾಣಿಕರಿಗೆ ಮಾತ್ರ ವಿಮಾನ ಅಪಘಾತದ ದುಡ್ಡು ಸಿಗುತ್ತದೆ. ಹಾರಿಸುವವನಿಗೇ ಇಲ್ಲ! ಆ ಸಾಲನ್ನು ಬೆರಳಿಟ್ಟು ಓದಿ.

ಮೆಡಿಕಲ್ ಫೇಲಾಗಿ ಹಾರಾಟ ನಿಂತರೆ ಟರ್ಮ್ ಪಾಲಿಸಿ ಏನೂ ಕೊಡುವುದಿಲ್ಲ. ಅದಕ್ಕೆ ಲೈಸೆನ್ಸ್ ನಷ್ಟದ ವಿಮೆ ಬೇರೆಯೇ ಇದೆ, ಕೆಲಸದ ಕಡೆಯಿಂದ ಇದೆಯಾ ಅಂತ ಮೊದಲು ಕೇಳಿ. ಆಫೀಸಿನ ಗ್ರೂಪ್ ವಿಮೆಯನ್ನೇ ನಂಬಿಕೊಂಡು ಕೂರಬೇಡಿ, ಕೆಲಸ ಬಿಟ್ಟರೆ ಸಾಮಾನ್ಯವಾಗಿ ಅದೂ ಹೋಗುತ್ತದೆ.

ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಗೆ ಜಿಎಸ್‌ಟಿ ಇಲ್ಲ. ಕಂಪನಿ ಮೊದಲು ಕೊಟ್ಟ ಹಳೇ ಪ್ರೀಮಿಯಂ ಲೆಕ್ಕ ಇದ್ದರೆ ಹೊಸದು ಕೇಳಿ. ಪಾಲಿಸಿ ಕೈಗೆ ಬಂದ ಮೇಲೆ ಷರತ್ತು ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ವಾಪಸ್ ಮಾಡಬಹುದು.