ವರ್ಷಕ್ಕೆ ಎಷ್ಟು ಗಂಟೆ ಹಗಲು? ಗೋಡೆ ಕ್ಯಾಲೆಂಡರ್ ಹಿಡಿದು ನೀವೇ ಲೆಕ್ಕ ಹಾಕಿ

ಉತ್ತರ ಧ್ರುವದ ಕಡೆಯವರಿಗೆ ತಿಂಗಳುಗಟ್ಟಲೆ ಕತ್ತಲು, ಪಾಪ, ಹಗಲೇ ಕಡಿಮೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಆದರೆ ಸೂರ್ಯ ಕಣ್ಣಿಗೆ ಕಾಣುವ ಗಂಟೆಗಳನ್ನು ವರ್ಷಪೂರ್ತಿ ಕೂಡಿಸಿದರೆ ತುಮಕೂರಿಗಿಂತ ಅವರಿಗೇ ಜಾಸ್ತಿ. ನಂಬೋದು ಕಷ್ಟ ಅಲ್ವಾ? ಲೆಕ್ಕ ಹಾಕಿಯೇ ನೋಡಿ.

ಕ್ಯಾಲೆಂಡರ್‌ನಲ್ಲಿ ಪ್ರತಿ ತಿಂಗಳ 21ನೇ ತಾರೀಖಿನ ಸೂರ್ಯೋದಯ, ಸೂರ್ಯಾಸ್ತ ಬರೆದುಕೊಳ್ಳಿ. ತುಮಕೂರಿನಲ್ಲಿ ಜೂನ್ 21ಕ್ಕೆ ಸುಮಾರು 5:56ಕ್ಕೆ ಹುಟ್ಟಿ 6:51ಕ್ಕೆ ಮುಳುಗುತ್ತಾನೆ, ಅಂದರೆ 12 ಗಂಟೆ 55 ನಿಮಿಷ ಹಗಲು. ಡಿಸೆಂಬರ್ 21ಕ್ಕೆ 11 ಗಂಟೆ 20 ನಿಮಿಷ ಅಷ್ಟೇ. ಹನ್ನೆರಡೂ ತಿಂಗಳ ಹಗಲನ್ನು ಕೂಡಿಸಿ, 12ರಿಂದ ಭಾಗಿಸಿ, 365ರಿಂದ ಗುಣಿಸಿ. 4,430ರ ಆಸುಪಾಸು ಬರುತ್ತದೆ. ತಾರಸಿಯಲ್ಲಿ ನಿಂತು ಗಡಿಯಾರ ನೋಡಿ ಬರೆದುಕೊಳ್ಳಬೇಡಿ, ಪೂರ್ವಕ್ಕೆ ದೇವರಾಯನದುರ್ಗದ ಬೆಟ್ಟಸಾಲು ಇದೆ, ಸೂರ್ಯ ಅದನ್ನು ದಾಟಿ ಬರುವಷ್ಟರಲ್ಲಿ ಕೆಲವು ನಿಮಿಷ ಹೋಗಿರುತ್ತವೆ. ಕೋಲಾರದಲ್ಲಿ ಸೂರ್ಯ ನಮಗಿಂತ ನಾಲ್ಕು ನಿಮಿಷ ಮೊದಲೇ ಹುಟ್ಟುತ್ತಾನೆ, ಹಾಗೇ ಮೊದಲೇ ಮುಳುಗುತ್ತಾನೆ, ಮೊತ್ತ ಹೆಚ್ಚುಕಮ್ಮಿ ಅದೇ.

ವರ್ಷಕ್ಕೆ 8,760 ಗಂಟೆ. ಅರ್ಧ ಅಂದರೆ 4,380. ಹಾಗಿದ್ದರೆ ಈ 50 ಗಂಟೆ ಎಲ್ಲಿಂದ ಬಂತು?

ಇದಕ್ಕೆ ಅಡುಗೆಮನೆಯಲ್ಲೇ ಉತ್ತರ ಇದೆ. ಸ್ಟೀಲ್ ಬಟ್ಟಲಿನ ತಳದಲ್ಲಿ ಒಂದು ನಾಣ್ಯ ಇಡಿ. ಬಟ್ಟಲಿನ ಅಂಚಿಗೆ ನಾಣ್ಯ ಮರೆಯಾಗುವ ತನಕ ಹಿಂದೆ ಸರಿದು, ಅಲುಗಾಡದೆ ನಿಲ್ಲಿ. ಮನೆಯವರು ಯಾರಾದರೂ ಮೆಲ್ಲಗೆ ನೀರು ಸುರಿಯಲಿ. ನಾಣ್ಯ ತಾನಾಗಿ ಮೇಲೆದ್ದ ಹಾಗೆ ಕಾಣಿಸುತ್ತದೆ! ನೀರು ಬೆಳಕನ್ನು ಬಗ್ಗಿಸಿದ ಹಾಗೇ ಗಾಳಿಯೂ ಬಗ್ಗಿಸುತ್ತದೆ, ಹಾಗಾಗಿ ಸೂರ್ಯ ನಿಜಕ್ಕೂ ಕೆಳಗಿಳಿದ ಮೇಲೂ ನಮಗೆ ಸ್ವಲ್ಪ ಹೊತ್ತು ಕಾಣುತ್ತಾನೆ. ಜೊತೆಗೆ ಸೂರ್ಯನ ಮೇಲಂಚು ಕಂಡ ಕೂಡಲೇ ಹಗಲು ಅಂತ ಎಣಿಸುತ್ತೇವೆ. ಎರಡೂ ಸೇರಿ ನಮ್ಮಲ್ಲಿ ದಿನಕ್ಕೆ ಸುಮಾರು ಏಳು ನಿಮಿಷ. ಕೆಲವು ಪಂಚಾಂಗಗಳು ಸೂರ್ಯನ ನಡುಭಾಗವನ್ನು ಹಿಡಿದು ಸಮಯ ಕೊಡುತ್ತವೆ, ಅಂಥದ್ದಾದರೆ ನಿಮ್ಮ ಮೊತ್ತ ಕಡಿಮೆ ಬರುತ್ತದೆ, ಗಾಬರಿ ಬೇಡ.

ನಮ್ಮಲ್ಲಿ ಸೂರ್ಯ ಹೆಚ್ಚುಕಮ್ಮಿ ನೇರವಾಗಿ ಇಳಿಯುತ್ತಾನೆ. ಉತ್ತರದಲ್ಲಿ ಓರೆಯಾಗಿ, ದಿಗಂತವನ್ನು ಸವರಿಕೊಂಡೇ ಹೋಗುತ್ತಾನೆ, ಅಲ್ಲಿ ಗಾಳಿಯ ಈ ಕೆಲಸ ತುಂಬಾ ಹೊತ್ತು ನಡೆಯುತ್ತದೆ. ಅದಕ್ಕೇ ಸಮಭಾಜಕದಲ್ಲಿ ವರ್ಷಕ್ಕೆ ಸುಮಾರು 4,422 ಗಂಟೆ ಇದ್ದರೆ, ಫಿನ್‌ಲೆಂಡಿನ ರೊವಾನಿಯೆಮಿ ಊರಿನ ಹತ್ತಿರ ಹಾದುಹೋಗುವ ಆರ್ಕ್‌ಟಿಕ್ ವೃತ್ತದಲ್ಲಿ 4,647. ದಕ್ಷಿಣದ ಅಂಟಾರ್ಕ್‌ಟಿಕ್ ವೃತ್ತಕ್ಕೆ ಮಾತ್ರ 4,530. ಜುಲೈ ಹೊತ್ತಿಗೆ ಭೂಮಿ ಸೂರ್ಯನಿಂದ ದೂರ ಇದ್ದು ನಿಧಾನ ಚಲಿಸುತ್ತದೆ, ಹಾಗಾಗಿ ಉತ್ತರದವರ ಬೇಸಿಗೆ ಅರ್ಧವರ್ಷ ಸುಮಾರು 186 ದಿನ, ಇನ್ನರ್ಧ 179.

ಹಾಗಂತ ಸೋಲಾರ್ ಹಾಕಿಸುವವರು ಈ ಗಂಟೆಗಳನ್ನು ನಂಬಿ ಕೂರಬೇಡಿ. ನಮ್ಮ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರುವುದು ಹಗಲು ಉದ್ದ ಅಂತಲ್ಲ, ಬಿಸಿಲು ನೆತ್ತಿ ಮೇಲಿಂದ ಬೀಳುತ್ತದೆ ಅಂತ. ತಾರಸಿಯಲ್ಲಿ ಮೂರಡಿ ಕೋಲು ನಿಲ್ಲಿಸಿ, ಮಧ್ಯಾಹ್ನ 12:20ಕ್ಕೆ ನೆರಳು ಅಳೆಯಿರಿ. ಏಪ್ರಿಲ್ ಕೊನೆ ವಾರದಲ್ಲಿ ನೆರಳೇ ಇರಲ್ಲ. ಡಿಸೆಂಬರ್ 21ಕ್ಕೆ ಎರಡೂಕಾಲು ಅಡಿ. ರೊವಾನಿಯೆಮಿಯಲ್ಲಿ ಅದೇ ಕೋಲಿಗೆ ನಡು ಬೇಸಿಗೆಯ ನಡು ಮಧ್ಯಾಹ್ನವೂ ಎರಡೂಮುಕ್ಕಾಲು ಅಡಿ ನೆರಳು ಬೀಳುತ್ತದೆ.