ಇಸವಿ ಮೊದಲು, ಕೊಲೆ ಆಮೇಲೆ

ಐತಿಹಾಸಿಕ ಪತ್ತೇದಾರಿ ಕಾದಂಬರಿಗೆ ಕೂತಾಗ ನಾನು ಮೊದಲು ಗೊತ್ತುಮಾಡುವುದು ಇಸವಿಯನ್ನು. ಸತ್ತವರು ಯಾರು, ಕೊಂದವರು ಯಾರು ಎಂಬುದೆಲ್ಲ ಆಮೇಲಿನ ಮಾತು. ಕಥೆ ಮೊದಲು ಹೊಳೆದು, ಅದನ್ನು ಹಳೆಯ ಕಾಲಕ್ಕೆ ಎತ್ತಿ ಕೂರಿಸಿದರೆ ಇವತ್ತಿನ ಕೊಲೆಗೆ ಮುಂಡಾಸು ಸುತ್ತಿದ ಹಾಗಾಗುತ್ತದೆ. ಆ ವರ್ಷ ಈ ಊರಲ್ಲಿ ಮಾತ್ರ ನಡೆಯಬಹುದಾದ ಅಪರಾಧ ಬೇಕು. ಆ ಕಾಲದವರ ಕಣ್ಣಿಗೆ ಬೀಳುವಂಥ ಸುಳಿವು ಬೇಕು. ಅವೆರಡೂ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಮಂಗಳೂರಿನ ಮಟ್ಟಿಗೆ ಕೆಲವು ಇಸವಿಗಳು ದಾಟಲಾಗದ ಗೋಡೆಗಳು. 1799ರಲ್ಲಿ ಟಿಪ್ಪು ಸತ್ತು ಕೆನರಾ, ಅಂದರೆ ಈ ಕರಾವಳಿ, ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1834ರಲ್ಲಿ ಬಾಸೆಲ್ ಮಿಶನ್ ಬಂತು. 1837ರ ಏಪ್ರಿಲಿನಲ್ಲಿ ಕಂಪನಿಯ ವಿರುದ್ಧ ದಂಗೆಯೆದ್ದು ಸುಳ್ಯದ ಕಡೆಯಿಂದ ಹೊರಟ ದಂಡು ಊರಿಗೆ ನುಗ್ಗಿತು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಟಿತು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ, 1907ರಲ್ಲಿ ರೈಲು. ನನಗೆ ಎಲ್ಲಕ್ಕಿಂತ ಮುಖ್ಯವಾದ ಗೋಡೆ 1862ರ ಜನವರಿ 1, ಭಾರತೀಯ ದಂಡ ಸಂಹಿತೆ ಜಾರಿಗೆ ಬಂದ ದಿನ. ಅದಕ್ಕೆ ಮೊದಲು ಮದ್ರಾಸ್ ಪ್ರಾಂತ್ಯದಲ್ಲಿ ಕಂಪನಿಯ ರೆಗ್ಯುಲೇಶನ್‌ಗಳು ತಿದ್ದಿದ ಇಸ್ಲಾಮಿ ದಂಡನೀತಿ ನಡೆಯುತ್ತಿತ್ತು. 1850ರ ಕಥೆಯಲ್ಲಿ ಯಾರಾದರೂ ಆ ಸಂಹಿತೆಯ ಕೊಲೆಯ ಕಲಮನ್ನು ಹಿಡಿದು ‘ಸೆಕ್ಷನ್ 302’ ಎಂದರೆ ಪುಸ್ತಕವನ್ನು ಅಲ್ಲಿಗೇ ಮುಚ್ಚಬಹುದು. ಮದ್ರಾಸಿನ ಪೊಲೀಸ್ ಕಾಯ್ದೆ ಬಂದದ್ದೇ 1859ರಲ್ಲಿ. ಹಾಗಾಗಿ ಅದಕ್ಕೂ ಹಿಂದಿನ ಕಥೆಯಲ್ಲಿ ಇನ್‌ಸ್ಪೆಕ್ಟರ್ ಇರುವುದಿಲ್ಲ. ಪಟೇಲ, ಶ್ಯಾನುಭೋಗ, ಉಗ್ರಾಣಿ, ಮೇಲೆ ತಹಶೀಲ್ದಾರ ಇಷ್ಟೇ. ನನ್ನ ಪತ್ತೇದಾರ ಇವರಲ್ಲೊಬ್ಬ ಆಗಿರಬೇಕು, ಅಥವಾ ಇವರ ಕಾಗದಪತ್ರ ಓದಬಲ್ಲವನಾಗಿರಬೇಕು.

ಹಂಚಿನ ವಿಷಯಕ್ಕೆ ಬರುತ್ತೇನೆ, ಹೆಚ್ಚಿನವರು ಎಡವುವುದು ಇಲ್ಲೇ. ಕಳ್ಳ ಹಂಚು ಸರಿಸಿ ಒಳಗಿಳಿಯುವ ದೃಶ್ಯ ಬರೆಯಲು ಸುಲಭ. ಆದರೆ 1840ರ ಮನೆಗಳಲ್ಲಿ ಹೆಚ್ಚಿನವು ಮುಳಿಹುಲ್ಲು ಹೊದಿಸಿದವು, ಇಲ್ಲವೆ ಮಡಲು, ಅಂದರೆ ತೆಂಗಿನ ಗರಿ, ಹೊದಿಸಿದವು. ಹುಲ್ಲಿನ ಮಾಡನ್ನು ಸದ್ದಿಲ್ಲದೆ ಸೀಳಬಹುದು, ಆದರೆ ಮೊದಲಿದ್ದ ಹಾಗೆ ಮುಚ್ಚಲು ಬರುವುದಿಲ್ಲ. ಮಳೆ ಬಂದರೆ ಆ ಜಾಗದಲ್ಲೇ ಸೋರುತ್ತದೆ. ಒಳಗಿನಿಂದ ಅಗಳಿ ಹಾಕಿದ ಕೋಣೆಯ ಒಗಟಿಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕೆ? ಇನ್ನೊಂದು ಎಚ್ಚರಿಕೆ: ಹಳೆಯ ಹಂಚಿನ ಬೆನ್ನಲ್ಲಿ 1865 ಎಂಬ ಅಚ್ಚಿದ್ದರೆ ಅದು ಕಾರ್ಖಾನೆ ಶುರುವಾದ ವರ್ಷ, ಆ ಹಂಚು ಸುಟ್ಟ ವರ್ಷವಲ್ಲ. ಮನೆಯ ವಯಸ್ಸನ್ನು ಅದರಿಂದ ಲೆಕ್ಕ ಹಾಕಬಾರದು.

ಆಮೇಲೆ ದಾರಿ. ಇವತ್ತು ಮಂಗಳೂರಿಂದ ಉಡುಪಿಗೆ ಒಂದೂವರೆ ಗಂಟೆ ಸಾಕು. ಸೇತುವೆಗಳಿಲ್ಲದ ಕಾಲದಲ್ಲಿ ಕೂಳೂರು, ಪಾವಂಜೆ, ಮೂಲ್ಕಿ, ಉದ್ಯಾವರ ಹೀಗೆ ನಾಲ್ಕು ಕಡೆ ಹೊಳೆ ದಾಟಬೇಕಿತ್ತು. ಕೊಲೆಗಾರ ರಾತ್ರೋರಾತ್ರಿ ಹೋಗಿಬಂದ ಎಂದು ಬರೆದರೆ ನಾಲ್ಕು ಕಡವಿನ ದೋಣಿಯವರನ್ನು ಎಬ್ಬಿಸಿದ ಎಂದೇ ಅರ್ಥ. ಆ ನಾಲ್ವರೂ ಸಾಕ್ಷಿಗಳು. ಇದನ್ನು ಅಡ್ಡಿ ಎಂದು ನೋಡಬಾರದು, ಕಥೆಯ ಬೆನ್ನೆಲುಬು ಮಾಡಿಕೊಳ್ಳಬೇಕು. ಮೂರು ಕಡವಿನವರು ಅವನನ್ನು ನೋಡಿದ್ದಾರೆ, ನಾಲ್ಕನೆಯವನು ನೋಡಿಲ್ಲ ಎಂದರೆ ಅವನು ಎಲ್ಲಿ ತಂಗಿದ್ದ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಮಳೆಗಾಲವಾದರೆ ಲೆಕ್ಕ ಇನ್ನೂ ಬಿಗಿ: ತುಳುವರ ಆಟಿ ತಿಂಗಳ (ಜುಲೈ-ಆಗಸ್ಟ್) ನೆರೆಯಲ್ಲಿ ಕಡವು ನಿಲ್ಲುತ್ತದೆ, ಬಂದರಿಗೆ ಹಡಗು ಬರುವುದಿಲ್ಲ, ಊರೇ ಬೀಗ ಹಾಕಿದ ಕೋಣೆಯಾಗುತ್ತದೆ.

ಪಂಚಾಂಗವನ್ನು ಎರಡು ಸಲ ನೋಡುತ್ತೇನೆ. ತುಳುವರ ಬೇಷ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ, ಪತ್ತನಾಜೆ. ಅಲ್ಲಿಂದ ಭೂತದ ಕೋಲ, ಯಕ್ಷಗಾನದ ಆಟ ಎಲ್ಲ ನಿಲ್ಲುತ್ತವೆ. ಜುಲೈ ರಾತ್ರಿಯ ಕೋಲದ ಗದ್ದಲದಲ್ಲಿ ಕೊಲೆ ಎಂದು ಬರೆದರೆ ಕರಾವಳಿಯ ಓದುಗ ಕ್ಷಮಿಸುವುದಿಲ್ಲ. ಉಡುಪಿಯ ಕೃಷ್ಣಪೂಜೆ ಒಂದು ಮಠದಿಂದ ಇನ್ನೊಂದಕ್ಕೆ ದಾಟುವ ಪರ್ಯಾಯದ ರಾತ್ರಿ ಬೇಕೆಂದರೆ ಎರಡು ವರ್ಷಕ್ಕೊಮ್ಮೆ, ಸಮ ಇಸವಿಯ ಜನವರಿಯಲ್ಲಿ ಮಾತ್ರ. ಎಂಟು ಮಠಗಳ ಸುತ್ತಿಗೆ 16 ವರ್ಷ. 2024ರಲ್ಲಿ ಪುತ್ತಿಗೆ ಮಠದ ಪರ್ಯಾಯ ಆಯಿತಲ್ಲ, ಹದಿನಾರರ ಲೆಕ್ಕದಲ್ಲಿ ಹಿಂದೆ ಹೋದರೆ 1864ಕ್ಕೂ ಪುತ್ತಿಗೆಯೇ ಬರುತ್ತದೆ. ಬೆಳದಿಂಗಳಿನಲ್ಲಿ ಮುಖ ಕಂಡಿತು ಎಂದು ಸಾಕ್ಷಿ ಹೇಳುವ ಮೊದಲು ಅವತ್ತಿನ ತಿಥಿಯನ್ನೂ ನೋಡಬೇಕು.

ಇನ್ನು ಕೊಲೆಯ ಕಾರಣ. ನಮ್ಮ ನೆಲದ ನಿಜವಾದ ಸಂಪತ್ತು ಇದು. ಹೆಣ್ಣಿನ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಯಲ್ಲಿ ಆಸ್ತಿಗಾಗಿ ಮಗ ತಂದೆಯನ್ನು ಕೊಂದ ಎನ್ನುವಂತಿಲ್ಲ, ಕೊಂದರೆ ಮಗನಿಗೆ ಸಿಗುವುದು ಏನೂ ಇಲ್ಲ. ಆಸ್ತಿ ತಾಯಿಯ ಕವರಿನದು, ಅಂದರೆ ತಾಯಿಯ ಕಡೆಯ ಕುಟುಂಬದ್ದು. ಯಜಮಾನನ ಕೈಯಲ್ಲಿರುವುದು ಆಡಳಿತ ಮಾತ್ರ, ತನಗೆ ಬೇಕೆಂದ ಹಾಗೆ ಮಾರಲು ಅವನಿಗೆ ಹಕ್ಕಿಲ್ಲ. 1949ರ ಕಾಯ್ದೆಗೆ ಮೊದಲು ಒಬ್ಬರು ಕೇಳಿದರೆಂದು ಪಾಲು ಮಾಡಿಕೊಡುವ ಕಡ್ಡಾಯವೂ ಇರಲಿಲ್ಲ. ಆದ್ದರಿಂದ ‘ಯಾರಿಗೆ ಲಾಭ’ ಎಂಬ ಪ್ರಶ್ನೆಯನ್ನೇ ತಿರುಗಿಸಿ ಕೇಳಬೇಕಾಗುತ್ತದೆ. ಲಾಭ ಇರುವುದು ಯಜಮಾನಿಕೆಯಲ್ಲಿ. ಬಾಕಿ ಗೇಣಿಯ ಅಕ್ಕಿಮುಡಿಗಳನ್ನು ಎಣಿಸುವ ಅಧಿಕಾರದಲ್ಲಿ, ಯಾವ ಒಕ್ಕಲನ್ನು ಉಳಿಸಬೇಕು, ಯಾರನ್ನು ಎಬ್ಬಿಸಬೇಕು ಎನ್ನುವ ಅಧಿಕಾರದಲ್ಲಿ. ತಂದೆ ಬದುಕಿರುವಾಗ ಮಗನಿಗೆ ಗುಟ್ಟಾಗಿ ಏನಾದರೂ ದಾಟಿಸುತ್ತಿದ್ದರೆ ಸಿಟ್ಟು ಬರುವುದು ಸೋದರಳಿಯನಿಗೆ. ತಂದೆ ಸತ್ತರೆ ಕೆಡುವುದು ಮಗನಿಗೇ. ಇಷ್ಟನ್ನು ಸರಿಯಾಗಿ ಹಿಡಿದರೆ ಓದುಗನ ಅನುಮಾನ ತಪ್ಪು ಮನುಷ್ಯನ ಮೇಲೆ ಬೀಳುವ ಹಾಗೆ ಮಾಡಲು ಯಾವ ಸುಳ್ಳೂ ಬೇಕಿಲ್ಲ.

ಇದರ ಜೊತೆಗೇ ಬರುವ ಇನ್ನೊಂದು ಸುಳಿವನ್ನು ನಾನು ತುಂಬಾ ಇಷ್ಟಪಡುತ್ತೇನೆ. ಸಾಕ್ಷಿ ಹೇಳುವುದು ತುಳುವಿನಲ್ಲಿ, ಗುಮಾಸ್ತ ಬರೆಯುವುದು ಕನ್ನಡದಲ್ಲಿ, ಕಲೆಕ್ಟರು ಓದುವುದು ಇಂಗ್ಲಿಷಿನಲ್ಲಿ. ಕನ್ನಡದ ‘ಅಳಿಯ’ ಎಂದರೆ ಅಕ್ಕನ ಮಗನೂ ಹೌದು, ಮಗಳ ಗಂಡನೂ ಹೌದು. ಭಾಷಾಂತರಕಾರ ‘ಸನ್ ಇನ್ ಲಾ’ ಎಂದು ಬರೆದುಬಿಟ್ಟರೆ ಮನೆಯ ವಾರಸುದಾರ ಹೊರಗಿನವನಾಗುತ್ತಾನೆ, ಅವನ ಮೇಲಿನ ಸಂಶಯವೇ ಅಳಿಸಿಹೋಗುತ್ತದೆ. ಮೂರೂ ಭಾಷೆ ಬಲ್ಲವನೊಬ್ಬ ಮೂಲ ಕಾಗದ ಬಿಚ್ಚಿದಾಗ ಗಂಟು ಬಿಡುತ್ತದೆ.

ವಿಷದ ಬಗ್ಗೆ ಒಂದೇ ಮಾತು: ಕಾಸರಕದ ಬೀಜ ವಿಪರೀತ ಕಹಿ, ಪಾಯಸದಲ್ಲಿ ಯಾರಿಗೂ ತಿಳಿಯದ ಹಾಗೆ ಅಡಗಿಸಲು ಆಗದು. ಉಮ್ಮತ್ತದ ಬೀಜ ಮೆಣಸಿನ ಬೀಜದ ಹಾಗೇ ಕಾಣುತ್ತದೆ, ಆದರೆ ಹೆಚ್ಚಾಗಿ ಬುದ್ಧಿ ಕಲಕುವುದಕ್ಕೆ, ದೋಚುವುದಕ್ಕೆ ಬಳಕೆಯಾದದ್ದು ಅದು.

ದಾಖಲೆ ಎಲ್ಲಿ ಹುಡುಕಬೇಕು ಎಂದು ಹೊಸಬರು ಕೇಳುತ್ತಾರೆ. ನಮ್ಮ ದಕ್ಷಿಣ ಕನ್ನಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ಬೆಂಗಳೂರಿಗಿಂತ ಮೊದಲು ಚೆನ್ನೈನ ಎಗ್ಮೋರಿನ ಪತ್ರಾಗಾರಕ್ಕೆ ಹೋಗಬೇಕು. ಮಿಶನ್ ಕಾಗದಗಳಿಗೆ ಮಂಗಳೂರಿನ ಬಲ್ಮಠದ ಥಿಯಾಲಾಜಿಕಲ್ ಕಾಲೇಜು, ಉಡುಪಿಯಲ್ಲಿ ಗೋವಿಂದ ಪೈ ಸಂಶೋಧನ ಕೇಂದ್ರ. ಮನೆಯಲ್ಲಿ ಕೈಗೆಟಕುವ ಹಾಗೆ ಇಡಬೇಕಾದವು: 1800-01ರಲ್ಲಿ ಇಲ್ಲಿ ಸುತ್ತಿದ ಬುಕಾನನ್‌ನ ಪ್ರವಾಸ ವರದಿ, 1894ರ ದಕ್ಷಿಣ ಕೆನರಾ ಮ್ಯಾನ್ಯುಯಲ್, ಅದೇ ವರ್ಷದ ಕಿಟೆಲ್‌ನ ಕನ್ನಡ ಕೋಶ, ಮ್ಯಾನರ್‌ನ 1886ರ ತುಳು ಕೋಶ. ಅಳತೆಗಳಿಗೆ ಬೇರೆ ಹಾಳೆ: ಹದಿನಾಲ್ಕು ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ, ರೂಪಾಯಿಗೆ 16 ಆಣೆ, ಆಣೆಗೆ 12 ಪೈ.

ಬರೆಯುವಾಗ ಎರಡು ದಿನಚರಿ ಇಡುತ್ತೇನೆ. ಕೊಲೆಗಾರನದು ಒಂದು, ಗಳಿಗೆ ಗಳಿಗೆಗೂ ಅವನು ಎಲ್ಲಿದ್ದ ಎಂದು. ಓದುಗನದು ಇನ್ನೊಂದು, ಯಾವ ಅಧ್ಯಾಯದಲ್ಲಿ ಅವನಿಗೆ ಏನು ಗೊತ್ತಾಯಿತು ಎಂದು. ಮುಖ್ಯ ಸುಳಿವು ಪುಸ್ತಕದ ಅರ್ಧ ದಾಟುವ ಮೊದಲು, ಬೇರಾವುದೋ ಕೆಲಸದ ನಡುವೆ ಒಮ್ಮೆ ಬಂದು ಹೋಗಿರಬೇಕು. ಓದು ಆರು ತಿಂಗಳು, ಬರವಣಿಗೆ ನಾಲ್ಕು, ತಿದ್ದುವುದು ಮೂರು. ತಿದ್ದುವಾಗ ಹೆಚ್ಚು ಹೋಗುವುದು ಮಾಹಿತಿಯೇ. ಪಾತ್ರವೊಂದು ಕೈಯಿಂದ ಮುಟ್ಟದ ವಿವರವನ್ನು ಉಳಿಸುವುದಿಲ್ಲ, ಎಷ್ಟು ಕಷ್ಟಪಟ್ಟು ಸಿಕ್ಕಿದ್ದರೂ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡಬೇಕು. ಬೆಲೆ 250 ರೂಪಾಯಿ, ಸಾವಿರ ಪ್ರತಿ, ಶೇಕಡಾ 10 ಗೌರವಧನ ಎಂದರೆ ಎಲ್ಲ ಪ್ರತಿ ಖರ್ಚಾದ ಮೇಲೆ 25,000. ಚೆನ್ನೈಗೆ ಎರಡು ಸಲ ಹೋಗಿ ತಂಗಿದರೆ ಅದರಲ್ಲಿ ದೊಡ್ಡ ಪಾಲು ಮುಗಿಯಿತು. ಆದ್ದರಿಂದ ಒಂದು ಸಂಶೋಧನೆಯಿಂದ ಮೂರು ಪುಸ್ತಕ ಬರುವ ಹಾಗೆ ಇಸವಿಯನ್ನು ಆರಿಸುತ್ತೇನೆ: ಅದೇ ಬಂದರು, ಅದೇ ಪತ್ತೇದಾರ, ಇಪ್ಪತ್ತು ವರ್ಷದ ಅಂತರದೊಳಗೆ. 1855ರಿಂದ 1875 ಒಳ್ಳೆಯದು, ಕಾನೂನು, ಪೊಲೀಸ್, ಹಂಚು ಮೂರೂ ಆ ನಡುವೆ ಬದಲಾದವು. ಒಪ್ಪಂದದಲ್ಲಿ ಆಡಿಯೋ, ಅನುವಾದ, ಚಿತ್ರದ ಹಕ್ಕುಗಳನ್ನು ಮುದ್ರಣದಿಂದ ಬೇರೆಯಾಗಿ ಬರೆಸಿಕೊಳ್ಳಬೇಕು, ಎರಡನೇ ಮುದ್ರಣಕ್ಕೆ ಕಾಲಮಿತಿ ಹಾಕಿಸಬೇಕು. ಕೈಬಿಟ್ಟ ಮಾಹಿತಿಯನ್ನು ಇಸವಿವಾರು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ, ಮುಂದಿನ ಕಾದಂಬರಿ ಶುರುವಾಗುವುದು ಆ ಪುಟಗಳಿಂದ.